ಕಾವಲಿಗಿಟ್ಟ ಮೀಥೈಲ್‌ಗಳೇ ಬಣ್ಣ ಬದಲಿಸಿದಾಗ

ಬೊಮ್ಮಸಂದ್ರ, ಜಿಗಣಿ ಕಡೆಯ ಲ್ಯಾಬುಗಳಲ್ಲಿ ಬೋರಾನ್ ಎಂದರೆ ಬೋರಾನಿಕ್ ಆಸಿಡ್. ಸುಜುಕಿ ಕಪ್ಲಿಂಗ್‌ಗೆ ಹಾಕು, ಕೆಲಸ ಮುಗಿದ ಮೇಲೆ ನೀರಲ್ಲಿ ತೊಳೆದು ಚೆಲ್ಲು. ಔಷಧಿಯ ಅಣುಗಳನ್ನು ಮಾಡಿಕೊಡುತ್ತಿದ್ದ ನನಗೂ ಅದರ ಮೇಲೆ ಬೇರೆ ಆಸಕ್ತಿ ಇರಲಿಲ್ಲ. ಆಮೇಲೊಂದು ವಿಚಿತ್ರ ಆರ್ಡರ್ ಬಂತು: ಬೆಳಕಿಗೆ ಬಣ್ಣ ಬದಲಿಸುವ ಬೋರಾನ್ ಸಂಯುಕ್ತ ಬೇಕು.

ಮೂಲ ಅಣುವನ್ನು 2008ರಲ್ಲಿ ವರದಿ ಮಾಡಿದ್ದು ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಸುನಿಂಗ್ ವಾಂಗ್ ತಂಡ. ಫಿನೈಲ್‌ಪಿರಿಡಿನ್ ಬೋರಾನನ್ನು ಇಕ್ಕಳದ ಹಾಗೆ ಹಿಡಿದಿರುತ್ತದೆ. ಉಳಿದೆರಡು ಕಡೆ ಮೆಸಿಟೈಲ್ ಉಂಗುರಗಳು, ಒಂದೊಂದರ ಮೇಲೂ ಮೂರು ಮೀಥೈಲ್. ತಯಾರಿಯೇನೂ ಕಷ್ಟವಲ್ಲ: ಮೈನಸ್ 78 ಡಿಗ್ರಿ, ಬ್ಯುಟೈಲ್ ಲಿಥಿಯಂ, ದಿನಾ ಮಾಡುವಂಥದ್ದೇ.

ಸೋಜಿಗ ಇದ್ದದ್ದು ಎನ್‌ಎಂಆರ್ ಟ್ಯೂಬಿನಲ್ಲಿ. ಗಾಳಿ ತೆಗೆದು ಮುಚ್ಚಿದ ಬಣ್ಣವಿಲ್ಲದ ದ್ರಾವಣಕ್ಕೆ 365 ನ್ಯಾನೊಮೀಟರ್ ದೀಪ ಹಿಡಿದರೆ, ದೀಪದ ಕಡೆಯ ಅಂಚಿನಿಂದ ನೀಲಿ ಹಬ್ಬುತ್ತದೆ. ನೋಡನೋಡುತ್ತ ಇಂಕಿನಷ್ಟು ಗಾಢ. ಮೆಸಿಟೈಲ್ ಕಡೆಯಿಂದ ಪಿರಿಡಿನ್ ಕಡೆಗೆ ಎಲೆಕ್ಟ್ರಾನ್ ಸರಿದು, ಒಂದು ಮೆಸಿಟೈಲ್ ಉಂಗುರ ಪಕ್ಕದ ಫಿನೈಲ್‌ಗೆ ಹೊಸ ಕಾರ್ಬನ್ ಬಂಧ ಹಾಕಿಕೊಳ್ಳುತ್ತದೆ. ಬೋರಾನ್ ಅದೇ ಉಂಗುರದ ಎರಡು ಕಾರ್ಬನ್‌ಗಳ ಜತೆ ತ್ರಿಕೋನವಾಗುತ್ತದೆ. ಬಿಸಿ ಮಾಡಿದರೆ ಎಲ್ಲ ಯಥಾಸ್ಥಿತಿ.

ಮೆಸಿಟೈಲ್ ಜಾಗದಲ್ಲಿ ಬರೀ ಫಿನೈಲ್ ಇಡಿ, ಎಷ್ಟು ಹೊತ್ತು ದೀಪ ಉರಿಸಿದರೂ ನೀಲಿ ಬರುವುದಿಲ್ಲ. ಬೋರಾನ್ ಸುತ್ತ ಇಕ್ಕಟ್ಟು ಇದ್ದರೇ ಅಣು ಅಲುಗುವುದು. ಇದು ನನಗೆ ಬಹಳ ಹಿಡಿಸಿತು. ಏಕೆಂದರೆ ನಮ್ಮೂರಿನ ಐಐಎಸ್ಸಿಯಲ್ಲಿ ಪಿ. ತಿಲಗರ್ ಅವರ ತಂಡ ಕೆಲಸ ಮಾಡುವ ಟ್ರೈಅರೈಲ್‌ಬೋರೇನ್‌ಗಳಂಥ ಅಣುಗಳಲ್ಲಿ ಇದೇ ಮೀಥೈಲ್‌ಗಳಿಗೆ ಕಾವಲಿನ ಕೆಲಸ. ನೀರು, ಗಾಳಿ ಬೋರಾನನ್ನು ಮುಟ್ಟದಂತೆ ತಡೆಯುತ್ತವೆ. ಇಲ್ಲಿ ಅವೇ ಗಲಾಟೆ ಎಬ್ಬಿಸುತ್ತವೆ.

ಬಣ್ಣ ಇನ್ನಷ್ಟು ಕಡುವಾಗಲಿ ಅಂತ ಉದ್ದನೆಯ ಸಂಯುಗ್ಮ ಸರಪಳಿ ಜೋಡಿಸೋಣ ಎಂದು ಮೀಟಿಂಗಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಸರಪಳಿಯ ಟ್ರಿಪ್ಲೆಟ್ ಮಟ್ಟ ಕೆಳಗಿದ್ದರೆ ಬೆಳಕಿನ ಶಕ್ತಿ ಅಲ್ಲಿಗೇ ಇಳಿದುಹೋಗಿ, ಬಣ್ಣದ ಆಟ ನಿಂತೇಹೋಗಬಹುದು.

ಬಿಸಿಲಿಗೆ ಕಪ್ಪಾಗುವ ಕನ್ನಡಕಕ್ಕೆ ಇದಾಗುತ್ತದಾ ಎಂದು ಸ್ನೇಹಿತರು ಕೇಳುತ್ತಾರೆ. ಆ ಮಸೂರಗಳಲ್ಲಿ ನ್ಯಾಫ್ತೋಪೈರಾನ್ ಜಾತಿಯ ಬಣ್ಣಗಳಿರುತ್ತವೆ, ಗಾಳಿಯಲ್ಲೇ ಬಾಳುತ್ತವೆ. ನಮ್ಮ ನೀಲಿಗೆ ಆಮ್ಲಜನಕ ತಗುಲಿದರೆ ಬೋರಾನೇ ಕಳಚಿಕೊಳ್ಳುತ್ತದೆ, ಮತ್ತೆ ದೀಪ ಹಿಡಿದರೂ ಬಣ್ಣ ಬರುವುದಿಲ್ಲ. ಈ ತೊಂದರೆ ನೀಗುವ ತನಕ ಅದು ಗ್ಲೋವ್ ಬಾಕ್ಸ್‌ನಿಂದ ಆಚೆ ಬರುವ ಸರಕಲ್ಲ.