ನಮ್ಮದೇ ಒಂದು ವೆಬ್‌ಸೈಟ್: ಶುರು ಮಾಡೋದು ಹೇಗೆ, ಉಳಿಸ್ಕೊಳ್ಳೋದು ಹೇಗೆ?

ಈ ಲೇಖನದಲ್ಲಿ ಸ್ವಂತ ಬ್ಲಾಗ್ ಅಥವಾ ವೆಬ್‌ಸೈಟ್ ಮಾಡೋದು ಹೇಗೆ ಅಂತ ಹೇಳ್ತೀವಿ. ಅದಕ್ಕೂ ಮೊದಲು ನಾವು ಮಾಡಿದ ಒಂದು ತಪ್ಪನ್ನ ಹೇಳಿಬಿಡ್ತೀವಿ. ಯಾಕಂದ್ರೆ ಇಲ್ಲಿರೋ ಮುಖ್ಯವಾದ ವಿಷಯಗಳೆಲ್ಲ ನಾವು ಆ ತಪ್ಪಿನಿಂದ ಕಲಿತದ್ದೇ.

ಫಸ್ಟ್ ಇಯರ್‌ನಲ್ಲಿ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಸೇರಿ ಒಂದು ಬ್ಲಾಗ್ ಶುರು ಮಾಡಿದ್ವಿ. ಪುಕ್ಕಟೆಯಾಗಿ ಸೈಟ್ ಮಾಡಿಕೊಡುವ ಒಂದು ಸೇವೆ ಸಿಕ್ಕಿತ್ತು. ಹತ್ತು ನಿಮಿಷದಲ್ಲಿ ಸೈಟ್ ರೆಡಿ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ಉದ್ದಕ್ಕೆ ಬರೆದದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಕೊನೆ. ಆದ್ರೂ ಹಟ ಹಿಡಿದು ಹನ್ನೊಂದು ಪೋಸ್ಟ್ ಬರೆದ್ವಿ.

ಅದರಲ್ಲಿ ಎರಡು ಪೋಸ್ಟ್, ನಮ್ಮಲ್ಲೊಬ್ಬನ ಅಜ್ಜನ ಕಥೆ. ಅವರು ಸಾಗರದ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ತುಂಬಿದಾಗ ಊರು ಬಿಟ್ಟು ಬಂದ ಸಾವಿರಾರು ಜನರಲ್ಲಿ ಅವರ ಮನೆಯವರೂ ಇದ್ರು. ಮೊದಲ ಭಾಗದಲ್ಲಿ ಊರು ಹೇಗಿತ್ತು ಅನ್ನೋದು. ಎರಡನೇ ಭಾಗದಲ್ಲಿ ಮನೆಯ ಹೆಂಚು, ಕಂಬ, ಬಾಗಿಲು ಎಲ್ಲ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಟ ದಿನದ ವಿವರ. ಅಜ್ಜ ಫೋನಿನಲ್ಲಿ ಹೇಳ್ತಾ ಹೋದದ್ದನ್ನ ಗೆಳೆಯ ನೇರವಾಗಿ ಆ ಸೈಟಿನ ಎಡಿಟರ್‌ನಲ್ಲೇ ಟೈಪ್ ಮಾಡಿದ್ದ. ಬೇರೆಲ್ಲೂ ಕಾಪಿ ಇರಲಿಲ್ಲ.

ಕೆಲವು ತಿಂಗಳ ನಂತರ ಆ ಸೇವೆ ಪುಕ್ಕಟೆ ಖಾತೆಗಳನ್ನ ನಿಲ್ಲಿಸಿತು. ಮುಂಚೆಯೇ ಮೇಲ್ ಕಳಿಸಿದ್ರು, ಅದು ನಿಜ. ಆದ್ರೆ ಸೈಟ್‌ಗೋಸ್ಕರ ಮಾಡಿದ್ದ ಆ ಮೇಲ್ ಐಡಿಯನ್ನ ನಾವು ಯಾರೂ ತೆರೆದು ನೋಡ್ತಿರಲಿಲ್ಲ. ನಮಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಅಳಿಸಿ ಹೋಗಿತ್ತು. ಅಜ್ಜ ತೀರಿಕೊಂಡು ಆಗಲೇ ಎರಡು ತಿಂಗಳಾಗಿತ್ತು. ಮೊದಲ ಭಾಗವನ್ನ ಗೆಳೆಯ ಮನೆಯವರ ವಾಟ್ಸಾಪ್ ಗುಂಪಿಗೆ ಪೇಸ್ಟ್ ಮಾಡಿದ್ದರಿಂದ ಅದು ಉಳೀತು. ಎರಡನೇದು ಹೋಯ್ತು. "ನಮ್ಮೂರು ಎರಡನೇ ಸಲ ಮುಳುಗ್ತು ನೋಡ್ರೋ" ಅಂದ ಅವನು. ನಮಗೆ ಏನು ಹೇಳೋದು ಅಂತ ತಿಳೀಲಿಲ್ಲ.

ಇದು ನಮಗೊಬ್ಬರಿಗೇ ಆದದ್ದಲ್ಲ. 1994ರಲ್ಲಿ ಶುರುವಾದ ಜಿಯೋಸಿಟೀಸ್ ಅನ್ನೋ ಜಾಗದಲ್ಲಿ ಲಕ್ಷಾಂತರ ಜನ ತಮ್ಮ ಮೊದಲ ವೆಬ್ ಪುಟ ಮಾಡಿಕೊಂಡಿದ್ರು. 1999ರಲ್ಲಿ ಯಾಹೂ ಅದನ್ನ ಕೊಂಡುಕೊಂಡಿತು, 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲು ರಾತ್ರಿ ಡೌನ್‌ಲೋಡ್ ಮಾಡಿ ಒಂದಷ್ಟನ್ನ ಉಳಿಸಿದ್ರು. ನಮ್ಮ ಅಕ್ಕ ಅಣ್ಣಂದಿರು ಬಳಸ್ತಿದ್ದ ಆರ್ಕುಟ್ ಕೂಡ 2014ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯ್ತು. ಹಾಗಾಗಿ ನಾವು ಕಲಿತ ಪಾಠ ಇಷ್ಟೇ: ಎಲ್ಲಿ ಬೇಕಾದ್ರೂ ಬರೀರಿ, ಆದ್ರೆ ಎರಡು ವಸ್ತು ನಿಮ್ಮ ಕೈಯಲ್ಲೇ ಇರಲಿ. ಒಂದು, ಬರಹದ ಫೈಲು. ಇನ್ನೊಂದು, ಸೈಟಿನ ವಿಳಾಸ.

ವೆಬ್‌ಸೈಟ್ ಅಂದ್ರೆ ಮೂರು ಭಾಗ

ಮೊದಲ ವೆಬ್‌ಸೈಟ್ ಮಾಡಿದ್ದು ಟಿಮ್ ಬರ್ನರ್ಸ್-ಲೀ, ಸರ್ನ್ ಪ್ರಯೋಗಾಲಯದಲ್ಲಿ. ಅದು ಅವರ ಮೇಜಿನ ಮೇಲಿದ್ದ ಒಂದು ನೆಕ್ಸ್ಟ್ ಕಂಪ್ಯೂಟರಿನಿಂದಲೇ ನಡೀತಿತ್ತು. ಇದು ಸರ್ವರ್, ಯಾರೂ ಆಫ್ ಮಾಡಬೇಡಿ ಅಂತ ಅದರ ಮೇಲೆ ಒಂದು ಚೀಟಿ ಅಂಟಿಸಿದ್ರು. ಸರ್ವರ್ ಅಂದ್ರೆ ಅಷ್ಟೇ, ಆಫ್ ಆಗದೆ ಇರೋ ಇನ್ನೊಬ್ಬರ ಕಂಪ್ಯೂಟರ್. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದಕ್ಕೇ ಇವತ್ತು ನಾವು ಯಾರನ್ನೂ ಕೇಳದೆ ಸೈಟ್ ಮಾಡಬಹುದು.

ಯಾವ ಸೈಟ್ ತಗೊಂಡ್ರೂ ಮೂರು ಭಾಗ ಇರುತ್ತೆ.

1. ಬರಹ. ನಿಮ್ಮ ಪದಗಳು, ಫೋಟೋಗಳು, ಅಂದ್ರೆ ಫೈಲುಗಳು.

2. ಜಾಗ. ಆ ಫೈಲುಗಳನ್ನ ಇಟ್ಟುಕೊಂಡು, ಕೇಳಿದವರಿಗೆ ಕಳಿಸುವ ಸರ್ವರ್. ಇದಕ್ಕೆ ಹೋಸ್ಟಿಂಗ್ ಅಂತಾರೆ.

3. ವಿಳಾಸ. ಡೊಮೇನ್ ಹೆಸರು. ಡಾಟ್ ಇನ್, ಡಾಟ್ ಕಾಮ್ ಇತ್ಯಾದಿ. ಇದನ್ನ ಕೊಂಡುಕೊಳ್ತೀವಿ ಅಂತೀವಿ, ಆದ್ರೆ ನಿಜವಾಗಿ ಇದು ಬಾಡಿಗೆ. ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ತುಂಬಾ ಕಡಿಮೆಗೆ ಕೊಟ್ಟು ಎರಡನೇ ವರ್ಷ ಜಾಸ್ತಿ ಕೇಳೋದು ಮಾಮೂಲು. ಹಾಗಾಗಿ ಯಾವಾಗಲೂ ನವೀಕರಣದ ದರ ನೋಡಿ.

ವಿಳಾಸಕ್ಕೂ ಜಾಗಕ್ಕೂ ಸಂಬಂಧ ಕಲ್ಪಿಸೋದು ಡಿಎನ್‌ಎಸ್. ಫೋನಿನಲ್ಲಿ 'ಅಮ್ಮ' ಅಂತ ಸೇವ್ ಮಾಡಿರ್ತೀವಲ್ಲ, ಹಾಗೆ. ಅಮ್ಮ ಸಿಮ್ ಬದಲಿಸಿದ್ರೆ ನಾವು ನಂಬರ್ ಮಾತ್ರ ತಿದ್ದುತೀವಿ, ಹೆಸರು ಅದೇ ಇರುತ್ತೆ. ಹಾಗೆಯೇ ಸ್ವಂತ ಡೊಮೇನ್ ಇದ್ರೆ, ಹೋಸ್ಟಿಂಗ್ ಕಂಪನಿ ಮುಚ್ಚಿದ್ರೂ ಫೈಲುಗಳನ್ನ ಬೇರೆ ಕಡೆ ಹಾಕಿ ಡಿಎನ್‌ಎಸ್ ಬದಲಿಸಿದ್ರೆ ಆಯ್ತು. ಓದುಗರಿಗೆ ವಿಳಾಸ ಬದಲಾಗಲ್ಲ. ನಮ್ಮ ಹಳೇ ಬ್ಲಾಗಿನಲ್ಲಿ ಮೂರೂ ಭಾಗ ಒಂದೇ ಕಡೆ ಇದ್ವು, ಅದೂ ಇನ್ನೊಬ್ಬರ ಕೈಯಲ್ಲಿ.

ಯಾವ ದಾರಿ ಹಿಡಿಯೋದು?

ಬ್ಲಾಗರ್: 1999ರಲ್ಲಿ ಶುರುವಾದದ್ದು, 2003ರಿಂದ ಗೂಗಲ್ ಕೈಯಲ್ಲಿದೆ. ಪುಕ್ಕಟೆ. ಸ್ವಂತ ಡೊಮೇನ್ ಜೋಡಿಸಬಹುದು, ಬರಹಗಳನ್ನ ಒಟ್ಟಿಗೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಕೋಡ್ ಬೇಡ, ಬರೀಬೇಕು ಅಷ್ಟೇ ಅನ್ನೋರಿಗೆ ಇದು ಸಾಕು.

ವರ್ಡ್‌ಪ್ರೆಸ್: ಇದು 2003ರಲ್ಲಿ ಬಂದ ಮುಕ್ತ ತಂತ್ರಾಂಶ. ನೀವೇ ಒಂದು ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳಬಹುದು, ಆಗ ಅಪ್‌ಡೇಟ್, ಸುರಕ್ಷತೆ ಎಲ್ಲ ನಿಮ್ಮ ಹೊಣೆ. ವರ್ಡ್‌ಪ್ರೆಸ್ ಡಾಟ್ ಕಾಮ್ ಅನ್ನೋದು ಅದನ್ನೇ ರೆಡಿಯಾಗಿ ಕೊಡುವ ಬೇರೆ ಸೇವೆ. ಅಲ್ಲಿ ಸ್ವಂತ ಡೊಮೇನ್ ಬೇಕಂದ್ರೆ ದುಡ್ಡು ಕೊಡಬೇಕು. ಇವೆರಡನ್ನೂ ಒಂದೇ ಅಂತ ತಿಳ್ಕೋಬೇಡಿ.

ಸ್ಟ್ಯಾಟಿಕ್ ಸೈಟ್: ಬರೀ ಎಚ್‌ಟಿಎಮ್‌ಎಲ್ ಮತ್ತು ಸಿಎಸ್‌ಎಸ್ ಫೈಲುಗಳು. ಡೇಟಾಬೇಸ್ ಇಲ್ಲ, ಹ್ಯಾಕ್ ಆಗೋ ಭಯ ಕಡಿಮೆ. ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆಯಾಗಿ ಇಡಬಹುದು. ನಾವು ಎರಡನೇ ಸಲ ಹಿಡಿದದ್ದು ಈ ದಾರಿ.

ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಸೈಟ್ 1 ಜಿಬಿ ಮೀರಬಾರದು. ಅದು ಸಾಕಾಗುತ್ತಾ? ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಓದ್ತಿದೀವಲ್ಲ! ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಒಂದು ಪದಕ್ಕೆ ಸರಾಸರಿ 8 ಚಿಹ್ನೆ ಅಂತ ಇಟ್ಕೊಂಡ್ರೆ 24 ಬೈಟ್, ಒಂದು ಸ್ಪೇಸ್ ಸೇರಿ 25. ಸಾವಿರ ಪದದ ಲೇಖನಕ್ಕೆ 25 ಕೆಬಿ. 1 ಜಿಬಿಯಲ್ಲಿ ಹತ್ತಿರ ಹತ್ತಿರ 40,000 ಲೇಖನ ಹಿಡಿಸುತ್ತೆ. ಫೋನಿನಲ್ಲಿ ತೆಗೆದ 4 ಎಂಬಿಯ ಒಂದು ಫೋಟೋ 160 ಲೇಖನಗಳಿಗೆ ಸಮ. ಆದ್ದರಿಂದ ಫೋಟೋಗಳನ್ನ ಕುಗ್ಗಿಸಿ ಹಾಕಿ.

ಮೊದಲ ಪುಟ

ನೋಟ್‌ಪ್ಯಾಡ್ ಅಥವಾ ವಿಎಸ್ ಕೋಡ್ ತೆಗೆದು 'ಇಂಡೆಕ್ಸ್' ಹೆಸರಿನ ಒಂದು ಎಚ್‌ಟಿಎಮ್‌ಎಲ್ ಫೈಲ್ ಮಾಡಿ. ಒಂದು ಶೀರ್ಷಿಕೆ, ಎರಡು ಪ್ಯಾರಾ ಸಾಕು. ಬ್ರೌಸರ್‌ನಲ್ಲಿ ತೆರೆದು ನೋಡಿ. ನಂತರ ಗಿಟ್‌ಹಬ್ ಖಾತೆ ಮಾಡಿ, ನಿಮ್ಮ ಯೂಸರ್‌ನೇಮ್ ಮುಂದೆ ಗಿಟ್‌ಹಬ್ ಡಾಟ್ ಐಒ ಸೇರಿಸಿದ ಹೆಸರಿನಲ್ಲಿ ಒಂದು ಪಬ್ಲಿಕ್ ರೆಪಾಸಿಟರಿ ತೆರೆದು ಆ ಫೈಲ್ ಅಪ್‌ಲೋಡ್ ಮಾಡಿ. ಸ್ವಲ್ಪ ಹೊತ್ತಿನಲ್ಲಿ ಪುಟ ಜಗತ್ತಿಗೆಲ್ಲ ಕಾಣುತ್ತೆ. ಪೋಸ್ಟ್‌ಗಳು ಹತ್ತಿಪ್ಪತ್ತು ಆದ ಮೇಲೆ ಹ್ಯೂಗೋ ಅಥವಾ ಜೆಕಿಲ್ ತರದ ಸಾಧನ ನೋಡಿ. ಮೊದಲ ದಿನವೇ ಥೀಮ್ ಹುಡುಕೋಕೆ ಕೂತ್ರೆ ಆ ಸಂಜೆ ಒಂದು ಸಾಲೂ ಬರೆಯಲ್ಲ. ನಾವು ಹಾಗೆ ಮೂರು ಸಂಜೆ ಕಳೆದಿದೀವಿ.

ಕನ್ನಡಕ್ಕಾಗಿ ಐದು ಎಚ್ಚರಿಕೆ

ಒಂದು, ಪುಟದ ಹೆಡ್ ಭಾಗದಲ್ಲಿ ಚಾರ್‌ಸೆಟ್ ಯುಟಿಎಫ್-8 ಅಂತ ಮೆಟಾ ಟ್ಯಾಗ್ ಹಾಕಿ. ಮರೆತ್ರೆ ಕೆಲವು ಕಡೆ ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಬರ್ತವೆ.

ಎರಡು, ಎಚ್‌ಟಿಎಮ್‌ಎಲ್ ಟ್ಯಾಗ್‌ನ ಲ್ಯಾಂಗ್ ಆಟ್ರಿಬ್ಯೂಟ್‌ಗೆ ಕೆ, ಎನ್ ಅನ್ನೋ ಎರಡಕ್ಷರ ಕೊಡಿ. ಇದು ಕನ್ನಡದ ಸಂಕೇತ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಅಂತ ಇದರಿಂದ ಗೊತ್ತಾಗುತ್ತೆ.

ಮೂರು, ಫೈಲಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರಲಿ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಕಾಪಿ ಮಾಡಿದಾಗ 9 ಅಕ್ಷರ ಆಗುತ್ತೆ. 'ಕನ್ನಡ' ಅನ್ನೋ ಪದದಲ್ಲಿ ಒತ್ತಿನ ಹಲಂತ ಸೇರಿ 5 ಚಿಹ್ನೆ, ಅಂದ್ರೆ 45 ಅಕ್ಷರದ ಉದ್ದ ಬಾಲ. ವಾಟ್ಸಾಪ್‌ನಲ್ಲಿ ಕಳಿಸಿದ್ರೆ ನೋಡೋಕೆ ವೈರಸ್ ಲಿಂಕ್ ತರ ಇರುತ್ತೆ.

ನಾಲ್ಕು, ಸಾಲುಗಳ ನಡುವೆ ಜಾಗ ಬಿಡಿ. ಇಂಗ್ಲಿಷಿನ ಅಳತೆ ಇಟ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತೆ. ಲೈನ್ ಹೈಟ್ 1.7 ಇಟ್ಟಾಗ ನಮಗೆ ಚೆನ್ನಾಗಿ ಕಂಡಿತು. ಫಾಂಟ್ ಬೇಕಂದ್ರೆ ನೋಟೋ ಸಾನ್ಸ್ ಕನ್ನಡ ಪುಕ್ಕಟೆ ಸಿಗುತ್ತೆ.

ಐದು, ಮನೆಯಲ್ಲಿ ಹಿರಿಯರು ನುಡಿ ಅಥವಾ ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ಲೇಖನಗಳಿದ್ರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಇಲ್ಲದಿದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತೆ, ಹುಡುಕಿದ್ರೂ ಸಿಗಲ್ಲ.

ಏನು ಬರೆಯೋದು?

ಇದೇ ನಮಗೆಲ್ಲ ದೊಡ್ಡ ಭಯ. "ನಮ್ಮ ಕನ್ನಡ ಚೆನ್ನಾಗಿಲ್ಲ, ನಗ್ತಾರೆ" ಅಂತ. ನಮ್ಮ ಮೊದಲ ಪೋಸ್ಟ್‌ನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಅದಲು ಬದಲು. ಯಾರೂ ನಗಲಿಲ್ಲ. ನಿಜ ಹೇಳ್ಬೇಕಂದ್ರೆ ಯಾರೂ ಓದಲೂ ಇಲ್ಲ. ಶುರುವಿನಲ್ಲಿ ಅದು ಒಳ್ಳೇದೇ, ಅಭ್ಯಾಸಕ್ಕೆ ಸಮಯ ಸಿಗುತ್ತೆ. ನೀವು ಮನೆಯಲ್ಲಿ ಮಾತಾಡೋ ಹಾಗೇ ಬರೀರಿ. ಬರೆದದ್ದನ್ನ ಒಮ್ಮೆ ಜೋರಾಗಿ ಓದಿ, ನಾಲಿಗೆ ತೊಡರಿದ ಕಡೆ ವಾಕ್ಯ ತುಂಡು ಮಾಡಿ.

ವಿಷಯ ಸಣ್ಣದಿರಲಿ. ಲ್ಯಾಬಿನಲ್ಲಿ ಬ್ರೆಡ್‌ಬೋರ್ಡ್ ಸರ್ಕ್ಯೂಟ್ ಯಾಕೆ ಕೆಲಸ ಮಾಡ್ಲಿಲ್ಲ, ಪಾಯಿಂಟರ್ ಅಂದ್ರೇನು ಅಂತ ತಂಗಿಗೆ ಹೇಗೆ ವಿವರಿಸಿದ್ರಿ, ನಿಮ್ಮೂರ ಸಂತೆಯಲ್ಲಿ ಏನು ಸಿಗುತ್ತೆ. ದೊಡ್ಡ ದೊಡ್ಡ ವಿಷಯಗಳ ಬಗ್ಗೆ ಬರೆಯೋರು ಬೇಕಾದಷ್ಟಿದ್ದಾರೆ, ನಿಮ್ಮ ಅಜ್ಜಿಯ ಬಗ್ಗೆ ಬರೆಯೋಕೆ ನೀವೇ ಬೇಕು. ಆದ್ರೆ ಇನ್ನೊಬ್ಬರ ಕಥೆ, ಫೋಟೋ ಹಾಕೋ ಮುಂಚೆ ಅವರನ್ನ ಕೇಳಿ. ನಿಮ್ಮ ಫೋನ್ ನಂಬರ್, ರೂಮ್ ನಂಬರ್ ಹಾಕಬೇಡಿ.

ಉಳಿಸ್ಕೊಳ್ಳೋದು

ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಟೆಕ್ಸ್ಟ್ ಫೈಲಾಗಿ ಬರೆದು, ಆಮೇಲೆ ಸೈಟಿಗೆ ಹಾಕಿ. ಪೆನ್ ಡ್ರೈವ್‌ನಲ್ಲಿ ಇನ್ನೊಂದು ಕಾಪಿ ಇರಲಿ. ಡೊಮೇನ್ ಮತ್ತು ಹೋಸ್ಟಿಂಗ್ ಎರಡಕ್ಕೂ ನೀವು ದಿನಾ ನೋಡೋ ಮೇಲ್ ಐಡಿಯನ್ನೇ ಕೊಡಿ. ಕಾಲೇಜಿನ ಐಡಿ ಬೇಡ, ಓದು ಮುಗಿದ ಮೇಲೆ ಅದು ಇರುತ್ತೆ ಅನ್ನೋ ಖಾತ್ರಿ ಇಲ್ಲ. ನವೀಕರಣದ ದಿನಕ್ಕೆ ಒಂದು ತಿಂಗಳ ಮುಂಚೆ ಫೋನಿನಲ್ಲಿ ರಿಮೈಂಡರ್ ಇಡಿ. ಹೊಸ ಪೋಸ್ಟ್ ಹಾಕಿದ ಮೇಲೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ಆ ವಿಳಾಸ ಕೊಟ್ಟು ಸೇವ್ ಮಾಡಿ. ಒಂದು ನಿಮಿಷದ ಕೆಲಸ. ನಾವು ಅಂದು ಅದೊಂದು ಮಾಡಿದ್ರೂ ಅಜ್ಜನ ಎರಡನೇ ಭಾಗ ಬಹುಶಃ ಸಿಗ್ತಿತ್ತು.

ಈ ರಜೆಯಲ್ಲಿ ಗೆಳೆಯ ಊರಿಗೆ ಹೋಗಿ ಅಜ್ಜಿಯ ಮುಂದೆ ಫೋನ್ ರೆಕಾರ್ಡರ್ ಇಟ್ಟು ಕೂತ. ಅಜ್ಜಿಗೆ ಹೆಂಚು, ಕಂಬದ ಲೆಕ್ಕ ನೆನಪಿಲ್ಲ. ಗಾಡಿ ಹತ್ತಲು ಒಪ್ಪದ ಒಂದು ದನ, ಕೊನೆಯ ದಿನ ಒಲೆ ಹಚ್ಚಿದ್ದು ಯಾರು, ಇಂಥವು ನೆನಪಿವೆ. ಅಜ್ಜ ಹೇಳಿದ್ದು ಹೋದದ್ದು ಹೋಯ್ತು, ಅದರ ಜಾಗಕ್ಕೆ ಇದು ಬರಲ್ಲ. ಇದು ಬೇರೆಯೇ ಕಥೆ. ಅದೀಗ ಹೊಸ ಸೈಟಿನಲ್ಲಿದೆ, ನಮ್ಮ ನಾಲ್ಕೂ ಜನರ ಲ್ಯಾಪ್‌ಟಾಪಿನಲ್ಲೂ ಇದೆ.

ಈ ಶನಿವಾರ ಒಂದು ಗಂಟೆ ಬಿಡುವು ಮಾಡಿಕೊಂಡು ನಿಮ್ಮ ಮೊದಲ ಪುಟ ಮಾಡಿ ನೋಡಿ. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಸಂಘದ ಗುಂಪಿನಲ್ಲಿ ಕೇಳಿ. ಲಿಂಕ್ ಕಳಿಸಿದ್ರೆ ನಾವು ನಾಲ್ಕು ಜನ ಖಂಡಿತ ಓದ್ತೀವಿ.