ಹುಳ ಪಾಠ ಕಲಿಯೋದಿಲ್ಲ, ನಾವೇ ಆರಿಸಿ ಉಳಿಸ್ತೀವಿ

ಸೂಳೆಕೆರೆ ಅಚ್ಚುಕಟ್ಟಿನ ಭತ್ತದ ಗದ್ದೆಗೆ ಬೆಳಿಗ್ಗೆ ಇಳಿದು ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಮೊದಲು ಏನೂ ಕಾಣೋದಿಲ್ಲ. ಆಮೇಲೆ ಗರಿಗೆ ಅಂಟಿಕೊಂಡ ಹಸಿರು ಮಿಡತೆ ಕಾಣುತ್ತದೆ. ಇನ್ನೊಂದು ಗರಿಯ ಉದ್ದಕ್ಕೂ ತಲೆಗೆ ಎರಡು ಕೊಂಬಿರುವ ಹಸಿರು ಹುಳ ಮಲಗಿರುತ್ತದೆ. ಇದೇ ಹುಳ ಚಿಟ್ಟೆಯಾದ ಮೇಲೆ ರೆಕ್ಕೆ ಮುಚ್ಚಿ ತರಗೆಲೆಗಳ ನಡುವೆ ಕೂತರೆ, ಒಣಗಿದ ಎಲೆಯೋ ಚಿಟ್ಟೆಯೋ ಗೊತ್ತಾಗೋದಿಲ್ಲ.

ಈ ವೇಷ ಎಲ್ಲಿಂದ ಬಂತು? ಅಡಗಬೇಕು ಅಂತ ಹುಳ ಯೋಚಿಸಿ ಬಣ್ಣ ಹಚ್ಚಿಕೊಂಡಿಲ್ಲ. ಒಂದೇ ತಾಯಿಯ ಮರಿಗಳಲ್ಲೂ ಅಷ್ಟಿಷ್ಟು ವ್ಯತ್ಯಾಸ ಇರುತ್ತದೆ. ಬೆಳ್ಳಕ್ಕಿ, ಕಾಜಾಣಗಳ ಕಣ್ಣಿಗೆ ಬಿದ್ದವು ಹೊಟ್ಟೆ ಸೇರಿದವು. ಕಾಣದವು ಉಳಿದು ಮೊಟ್ಟೆ ಇಟ್ಟವು, ಮರಿಗಳು ಅವನ್ನೇ ಹೋತವು. ಒಳ್ಳೆ ತೆನೆ ನೋಡಿ ನಾವು ಬೀಜಕ್ಕೆ ಆರಿಸೋ ಹಾಗೆ, ಹಕ್ಕಿ ಸಾವಿರಾರು ತಲೆಮಾರು ಆರಿಸಿತು. ಡಾರ್ವಿನ್ 1859ರ ತನ್ನ ಪುಸ್ತಕದಲ್ಲಿ ಇದನ್ನೇ ನಿಸರ್ಗದ ಆಯ್ಕೆ ಎಂದು ಕರೆದ.

ಇಂಗ್ಲೆಂಡಿನಲ್ಲಿ ಇದು ಜನರ ಕಣ್ಣೆದುರೇ ನಡೆಯಿತು. ಅಲ್ಲಿನ ಒಂದು ಬಿಳಿ ಪತಂಗದ ಕಪ್ಪು ಬಗೆ 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಪರೂಪವಾಗಿತ್ತು. ಕಾರ್ಖಾನೆ ಹೊಗೆಗೆ ಮರಗಳು ಕಪ್ಪಾದವು, ಬಿಳಿಯವು ಹಕ್ಕಿಗಳಿಗೆ ಎದ್ದು ಕಂಡವು. 1895ರ ಹೊತ್ತಿಗೆ ಅಲ್ಲಿ ನೂರಕ್ಕೆ 98 ಕಪ್ಪು! 1956ರ ಕಾನೂನಿನ ನಂತರ ಹೊಗೆ ತಗ್ಗಿತು, ಬಿಳಿ ಪತಂಗ ಮತ್ತೆ ಹೆಚ್ಚಿತು.

ಈಗ ನಮ್ಮ ಗದ್ದೆಗೆ ಬನ್ನಿ. ಇಲ್ಲಿ ಹಕ್ಕಿಯ ಜೊತೆ ಇನ್ನೊಬ್ಬ ಆರಿಸುವವನಿದ್ದಾನೆ: ಬೆನ್ನ ಮೇಲೆ ಸ್ಪ್ರೇಯರ್ ಹೊತ್ತ ನಾವು. ಲೆಕ್ಕಕ್ಕೆ ಸಾವಿರ ಕಂದು ಜಿಗಿಹುಳ ಇವೆ ಅನ್ನಿ. ಔಷಧಿಗೆ 990 ಸತ್ತವು. ಉಳಿದ ಹತ್ತರಲ್ಲಿ ಕೆಲವು ವಿಷವನ್ನು ಜೀರ್ಣಿಸಿಕೊಳ್ಳಬಲ್ಲವು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ತಿಂಗಳೊಳಗೆ ಹೊಸ ತಲೆಮಾರು ಸಿದ್ಧ. ಅದೇ ಔಷಧಿ ಮತ್ತೆ ಮತ್ತೆ ಹೊಡೆದರೆ ಗದ್ದೆ ತುಂಬ ಅವುಗಳದೇ ಸಂತಾನ. "ಔಷಧಿ ಕಲಬೆರಕೆ" ಅಂತ ಅಂಗಡಿಯವರ ಜೊತೆ ಜಗಳ ಆಡೋ ಮೊದಲು ಇದನ್ನೂ ಯೋಚಿಸಿ.

ಇದು ಬರೀ ಊಹೆಯಲ್ಲ. ಗಂಗಾವತಿ, ಮಂಡ್ಯ, ಕೊಳ್ಳೇಗಾಲ, ಸೊರಬ ಮತ್ತು ನಮ್ಮ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಿಂದ ಜಿಗಿಹುಳ ತಂದು ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸೊರಬದ ಹುಳ ಸುಲಭವಾಗಿ ಸತ್ತವು. ಗಂಗಾವತಿ, ಕತ್ತಲಗೆರೆಯವು ಹೆಚ್ಚು ಗಟ್ಟಿ. ಕ್ಲೋರೋಪೈರಿಫಾಸ್‌ಗೆ ತಡೆಯುವ ಶಕ್ತಿ ಕೆಲವು ಕಡೆ 16 ಪಟ್ಟಿಗೂ ಮೀರಿತ್ತು.

ಹಾಗಾದರೆ ಏನು ಮಾಡೋಣ?

* ನಾಟಿ ಮಾಡುವಾಗಲೇ ಆರೇಳು ಅಡಿಗೊಂದು ಒಂದಡಿ ಅಗಲದ ದಾರಿ ಬಿಡಿ. ಬುಡಕ್ಕೆ ಗಾಳಿ, ಬೆಳಕು ಬೀಳಲಿ.
* ಯೂರಿಯಾ ಹಿಡಿತದಲ್ಲಿರಲಿ. ನಾಲೆ ನೀರು ಇದೆ ಅಂತ ಸದಾ ನಿಲ್ಲಿಸಬೇಡಿ, ಆಗಾಗ ಬಸಿಯಿರಿ.
* ವಾರಕ್ಕೊಮ್ಮೆ ಬುಡ ಬಗ್ಗಿಸಿ ನೋಡಿ. ಜೇಡ ಎಷ್ಟಿವೆ ಎಣಿಸಿ. ಜಿಗಿಹುಳದ ಮೊಟ್ಟೆ ಹೀರುವ ಸಣ್ಣ ಹಸಿರು ತಿಗಣೆಯೂ ಅಲ್ಲೇ ಇರುತ್ತದೆ, ಅದು ನಮ್ಮ ನೆಂಟ.
* ಹೊಡೆಯಲೇಬೇಕಾದರೆ ಬುಡಕ್ಕೆ ತಾಗುವಂತೆ ಹೊಡೆಯಿರಿ. ಮುಂದಿನ ಸಲ ಬೇರೆ ಗುಂಪಿನ ಔಷಧಿ ಇರಲಿ. ಅಂಗಡಿಯ ಹೆಸರು ಬದಲಾದರೆ ಸಾಲದು, ಒಳಗಿನ ವಿಷ ಬದಲಾಗಬೇಕು.

ಜೇಡ ತಿನ್ನುವಾಗ ಔಷಧಿಗೆ ಬಗ್ಗುವ ಹುಳ, ಬಗ್ಗದ ಹುಳ ಅಂತ ಭೇದ ಮಾಡೋದಿಲ್ಲ. ಅದನ್ನು ಉಳಿಸಿಕೊಂಡರೆ ನಮ್ಮ ಖರ್ಚೂ ಉಳಿಯುತ್ತದೆ.