ರೋಮಿನ ಬಾಗಿಲಿಗೆ ಹೋಗುವ ಮುನ್ನ

ಹ್ಯಾನಿಬಾಲ್ ಕಡೆಯಿಂದ ಆಡಲು ಕೂತ ಪ್ರತಿ ಹೊಸಬನೂ ಒಂದೇ ಕೆಲಸ ಮಾಡುತ್ತಾನೆ. ಆಲ್ಪ್ಸ್ ದಾಟಿ, ಎದುರಿಗೆ ಬಂದ ರೋಮನ್ ಸೇನೆಯನ್ನು ಪುಡಿ ಮಾಡಿ, ನೇರವಾಗಿ ರೋಮಿನ ಮುಂದೆ ಹೋಗಿ ನಿಲ್ಲುತ್ತಾನೆ. ಆಮೇಲೆ ನನ್ನ ಮುಖ ನೋಡಿ, "ಸಾರ್, ಗೆದ್ದೆ ತಾನೆ?" ಅನ್ನುತ್ತಾನೆ. ಇಲ್ಲಪ್ಪ, ಇನ್ನೂ ಎಂಟು ಸುತ್ತು ಬಾಕಿ ಇದೆ.

ಆಟದ ಹೆಸರು 'ಹ್ಯಾನಿಬಾಲ್: ರೋಮ್ ವರ್ಸಸ್ ಕಾರ್ತೇಜ್'. ರೂಪಿಸಿದವರು ಮಾರ್ಕ್ ಸಿಮೊನಿಚ್; 1996ರಲ್ಲಿ ಆವಲಾನ್ ಹಿಲ್ ಕಂಪನಿ ಹೊರತಂದಿತು. ಇಬ್ಬರ ಆಟ, ಒಂಬತ್ತು ಸುತ್ತು. ಕ್ರಿ.ಪೂ. 218ರಿಂದ 201ರವರೆಗೆ ರೋಮ್ ಮತ್ತು ಕಾರ್ತೇಜ್ ನಡುವೆ ನಡೆದ ಎರಡನೇ ಪ್ಯೂನಿಕ್ ಯುದ್ಧವೇ ಕಥೆ; ಹ್ಯಾನಿಬಾಲ್ ಕಾರ್ತೇಜಿನ ಸೇನಾನಿ. ಹಲಗೆಯ ಮೇಲೆ ಸ್ಪೇನ್, ಇಟಲಿ, ಸಿಸಿಲಿ, ಉತ್ತರ ಆಫ್ರಿಕಾ. ಊರುಗಳೆಲ್ಲ ಚುಕ್ಕಿ, ದಾರಿಗಳೆಲ್ಲ ಗೆರೆ. ಬೆಂಗಳೂರಿನಲ್ಲಿ ಈ ಆಟಕ್ಕೆ ಜೊತೆ ಸಿಗುವುದು ಕಷ್ಟ, ಏಕೆಂದರೆ ಒಂದು ಪಂದ್ಯ ಮುಗಿಯುವಷ್ಟರಲ್ಲಿ ಭಾನುವಾರವೇ ಮುಗಿದಿರುತ್ತದೆ. ಆದರೂ ವರ್ಷಗಟ್ಟಲೆ ಎರಡೂ ಕಡೆಯಿಂದ ಆಡಿ, ಆಡಿಸಿ, ಹೊಸಬರಿಗೆ ಹೇಳಿಕೊಡುತ್ತ ಬಂದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

1. ಬಿಲ್ಲೆ ಎಣಿಸಿ

ಹಲಗೆಯ ಮೇಲೆ ಕಣ್ಣಿಗೆ ಬೀಳುವುದು ಸೇನಾನಿಯ ಚಿತ್ರ, ಅವನ ಕೆಳಗಿನ ದಳಗಳು, ಆನೆಗಳು. ಆಟದ ತೀರ್ಮಾನವಾಗುವುದು ಮಾತ್ರ ಯಾರೂ ತಿರುಗಿ ನೋಡದ ಬಿಲ್ಲೆಗಳಿಂದ. ಒಂದು ಊರಿನ ಮೇಲೆ ನಿಮ್ಮ ಬಿಲ್ಲೆ ಇದ್ದರೆ ಊರು ನಿಮ್ಮದು. ಒಂದು ಪ್ರಾಂತ್ಯದ ಹೆಚ್ಚಿನ ಊರುಗಳು ನಿಮ್ಮವಾದರೆ ಪ್ರಾಂತ್ಯ ನಿಮ್ಮದು. ಪ್ರತಿ ಸುತ್ತಿನ ಕೊನೆಗೆ ಪ್ರಾಂತ್ಯಗಳ ಲೆಕ್ಕ ನಡೆಯುತ್ತದೆ. ಯಾರ ಬಳಿ ಕಡಿಮೆಯೋ ಅವರು, ಎಷ್ಟು ಕಡಿಮೆಯೋ ಅಷ್ಟು ಬಿಲ್ಲೆ ತೆಗೆಯಬೇಕು. ಅಂದರೆ ಹಿಂದೆ ಬಿದ್ದವನು ಇನ್ನಷ್ಟು ಹಿಂದೆ ಬೀಳುತ್ತಾನೆ.

ಖಾಲಿ ಊರಿಗೆ ಬಿಲ್ಲೆ ಹಾಕಲು ಸೇನೆ ಬೇಕಿಲ್ಲ, ಕಾರ್ಡ್ ಸಾಕು. ಎದುರಾಳಿಯ ಬಿಲ್ಲೆ ಇರುವ ಊರನ್ನು ತಿರುಗಿಸಬೇಕಾದರೆ ಮಾತ್ರ ನಿಮ್ಮ ದಳವೊಂದು ಅಲ್ಲಿ ನಿಂತಿರಬೇಕು. ಸೇನೆ ನಡೆಸುವುದು ಏಕೆ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇದೊಂದೇ: ಮುಂದಿನ ಕಾರ್ಡಿಗೆ ಯಾವ ಊರಿನ ಬಿಲ್ಲೆ ತಿರುಗಬೇಕೋ ಆ ಊರಿನಲ್ಲಿ ದಳ ನಿಲ್ಲಿಸುವುದಕ್ಕೆ. ಕದನ, ಮುತ್ತಿಗೆ ಎಲ್ಲವೂ ಈ ಕೆಲಸದ ಆಳುಗಳು.

2. ಒಂದರ ಕಾರ್ಡ್ ಹ್ಯಾನಿಬಾಲನ ಪಾಲು

ಪ್ರತಿ ಕಾರ್ಡಿನ ಮೇಲೆ 1, 2 ಅಥವಾ 3 ಎಂಬ ಅಂಕಿ ಇರುತ್ತದೆ, ಜೊತೆಗೊಂದು ಘಟನೆ. ಅಂಕಿ ಬಳಸಿದರೆ ಘಟನೆ ಹೋಯಿತು, ಘಟನೆ ಬಳಸಿದರೆ ಅಂಕಿ ಹೋಯಿತು. ಪ್ರತಿ ಸೇನಾನಿಗೂ ಅಂಥದ್ದೇ ಅಂಕಿ. ಮೂರರ ಸೇನಾನಿ ಏಳಬೇಕಾದರೆ ಕೈಯಲ್ಲಿ ಮೂರರ ಕಾರ್ಡೇ ಬೇಕು. ಹ್ಯಾನಿಬಾಲನ ಅಂಕಿ ಒಂದು, ಯಾವ ಕಾರ್ಡಿಗೂ ಏಳುತ್ತಾನೆ. ಹಾಗಾಗಿ ಕಾರ್ತೇಜಿನವರು ಮೂರರ ಕಾರ್ಡನ್ನು ಅವನ ನಡಿಗೆಗೆ ಖರ್ಚು ಮಾಡುವುದು ದುಂದು. ಕಸದಂಥ ಕಾರ್ಡಿನಿಂದ ಅವನನ್ನು ನಡೆಸಿ, ಒಳ್ಳೆಯ ಕಾರ್ಡಿನಿಂದ ಬಿಲ್ಲೆ ಹಾಕಿ.

ರೋಮಿನವರ ಪಾಡು ಬೇರೆ. ಪ್ರತಿ ಸುತ್ತಿಗೂ ಸೇನೆ ನಡೆಸಲು ಇಬ್ಬರು ಹೊಸ ಕಾನ್ಸಲ್‌ಗಳು ಚೀಟಿ ಎತ್ತಿದಂತೆ ಬರುತ್ತಾರೆ, ಇತಿಹಾಸದಲ್ಲಿ ವರ್ಷಕ್ಕೊಮ್ಮೆ ಚುನಾಯಿತರಾಗಿ ಬರುತ್ತಿದ್ದ ಹಾಗೆಯೇ. ಒಬ್ಬ ಜಾಣ, ಇನ್ನೊಬ್ಬ ಜಡ. ಜಡನನ್ನು ಕೋಟೆಯೊಳಗೆ ಕೂರಿಸಿ, ಜಾಣನನ್ನು ಮುಂದಿನ ಸುತ್ತಿಗೂ ಪ್ರೊಕಾನ್ಸಲ್ ಆಗಿ ಉಳಿಸಿಕೊಳ್ಳಿ. ಹೊಸ ಕಾನ್ಸಲ್ ಚೆನ್ನಾಗಿದ್ದಾನೆ ಎಂಬ ಉತ್ಸಾಹದಲ್ಲಿ ಹ್ಯಾನಿಬಾಲನ ಮೇಲೆ ಬೀಳುವ ರೋಮಿನವರನ್ನು ಕಂಡರೆ ನನಗೆ ಕ್ರಿ.ಪೂ. 216ರಲ್ಲಿ ಕ್ಯಾನೆಯಲ್ಲಿ ರೋಮ್ ಸೋತದ್ದು ನೆನಪಾಗುತ್ತದೆ. ಅಲ್ಲಿ ವಾರೊ, ಪೌಲಸ್ ಎಂಬ ಇಬ್ಬರು ಕಾನ್ಸಲ್‌ಗಳು ದಿನ ಬಿಟ್ಟು ದಿನ ಅಧಿಕಾರ ಹಂಚಿಕೊಂಡಿದ್ದರು.

3. ಕೋಟೆ ಊರಿಗೆ ಕೈ ಹಾಕುವುದಕ್ಕೆ ಕಾರಣ ಬೇಕು

ಹೆಚ್ಚು ಕಾರ್ಡ್ ಪೋಲಾಗುವುದು ಇಲ್ಲೇ. ಕೋಟೆ ಇರುವ ಊರು ಬೀಳಬೇಕಾದರೆ ಮೂರು ಮುತ್ತಿಗೆ ಅಂಕ ಸೇರಬೇಕು. ಒಮ್ಮೆ ಎಬ್ಬಿಸಿದ ಸೇನೆಗೆ ನಾಲ್ಕು ಹೆಜ್ಜೆ. ಅದರಲ್ಲಿ ಮೂರನ್ನು ಒಂದು ಪ್ರಯತ್ನವೇ ನುಂಗುತ್ತದೆ. ಆಮೇಲೆ ದಾಳ. ಅಂಕ ಸಿಗಬಹುದು, ಸಿಗದಿರಬಹುದು, ನಿಮ್ಮದೇ ದಳ ಸಾಯಬಹುದು. ಒಂದು ಊರಿಗಾಗಿ ಅರ್ಧ ಸುತ್ತಿನ ಕಾರ್ಡುಗಳು ಕರಗುತ್ತವೆ. ಅಷ್ಟರಲ್ಲಿ ಎದುರಾಳಿ ಸಿಸಿಲಿಯಲ್ಲೋ ಸ್ಪೇನಿನಲ್ಲೋ ಸದ್ದಿಲ್ಲದೆ ಎರಡು ಪ್ರಾಂತ್ಯ ಮುಗಿಸಿರುತ್ತಾನೆ.

ಇದು ಆಟ ರೂಪಿಸಿದವರ ಹಟವಲ್ಲ, ಆ ಕಾಲದ ನಿಜ. ಯುದ್ಧಕ್ಕೆ ಕಿಡಿ ಹಚ್ಚಿದ ಸಗುಂಟಮ್ ಊರನ್ನು ಹಿಡಿಯಲು ಕ್ರಿ.ಪೂ. 219ರಲ್ಲಿ ಹ್ಯಾನಿಬಾಲನಿಗೆ ಎಂಟು ತಿಂಗಳು ಬೇಕಾಯಿತು. ಇಟಲಿಗೆ ಇಳಿದಾಗ ಅವನ ಬಳಿ 20,000 ಕಾಲಾಳು, 6,000 ಕುದುರೆ ಸವಾರರು ಇದ್ದರೆಂದು ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ. ಅಷ್ಟು ಜನರನ್ನು ಒಂದು ಗೋಡೆಯ ಮುಂದೆ ವರ್ಷಗಟ್ಟಲೆ ಕೂರಿಸಿದರೆ ಅನ್ನ ಎಲ್ಲಿಂದ ಬರಬೇಕು? ಕ್ಯಾನೆ ಗೆದ್ದ ಮೇಲೂ ಅವನು ರೋಮಿಗೆ ಹೋಗಲಿಲ್ಲ ಎಂದು ಇಂದಿಗೂ ಬೈಯುವವರಿದ್ದಾರೆ. ಅವರನ್ನು ಕೂರಿಸಿ ಈ ಆಟ ಆಡಿಸಬೇಕು.

ಹಾಗಾದರೆ ಕೋಟೆ ಮುಟ್ಟಲೇಬಾರದೆ? ಮುಟ್ಟಬಹುದು, ಅದರ ಹಿಂದೆ ಇಡೀ ಪ್ರಾಂತ್ಯ ನೇತಾಡುತ್ತಿದ್ದರೆ. ಸಿಸಿಲಿಯ ಸಿರಾಕ್ಯೂಸ್ ಅಂಥದ್ದು. ಇತಿಹಾಸದಲ್ಲಿ ರೋಮನ್ ಸೇನಾನಿ ಮಾರ್ಸೆಲಸ್ ಆರ್ಕಿಮಿಡೀಸನ ಯಂತ್ರಗಳಿಗೆ ಎದುರು ನಿಂತು ಕ್ರಿ.ಪೂ. 212ರಲ್ಲಿ ಅದನ್ನು ಹಿಡಿದ. ಆ ಗಲಭೆಯಲ್ಲೇ ಆರ್ಕಿಮಿಡೀಸ್ ಸತ್ತ. ಸ್ಪೇನಿನ ನ್ಯೂ ಕಾರ್ತೇಜ್ ಇನ್ನೂ ಒಳ್ಳೆಯ ಉದಾಹರಣೆ. ಕ್ರಿ.ಪೂ. 209ರಲ್ಲಿ ರೋಮನ್ ಸೇನಾನಿ ಸ್ಕಿಪಿಯೊ ಅಲ್ಲಿನ ಹಿನ್ನೀರು ಇಳಿದ ಹೊತ್ತು ನೋಡಿ, ಕಾವಲಿಲ್ಲದ ಕಡೆಯ ಗೋಡೆಗೆ ಏಣಿ ಹಾಕಿಸಿದ. ಕಾರ್ತೇಜಿನ ಮೂರು ಸೇನೆಗಳು ಆಗ ಸ್ಪೇನಿನ ಬೇರೆ ಬೇರೆ ಮೂಲೆಗಳಲ್ಲಿದ್ದವು. ಆಟದಲ್ಲೂ ಅಷ್ಟೇ: ಬಿಡಿಸಿಕೊಳ್ಳಲು ಬರುವ ಸೇನೆ ದೂರ ಇದ್ದಾಗ ಮಾತ್ರ ಮುತ್ತಿಗೆ ಹಾಕಿ.

ದ್ರೋಹದ ಕಾರ್ಡ್ ಸಿಕ್ಕರೆ ಸಂತೋಷ. ಹ್ಯಾನಿಬಾಲನೂ ಟರೆಂಟಮ್ ಊರನ್ನು ಒಳಗಿನವರ ಕೈಯಿಂದಲೇ ತೆಗೆಸಿಕೊಂಡ. ಆದರೆ ಬಂದರಿನ ಮೇಲಿನ ಒಳಕೋಟೆ ರೋಮನ್ನರ ಕೈಯಲ್ಲೇ ಉಳಿಯಿತು.

4. ಚಳಿಗಾಲಕ್ಕೆ ಮೊದಲೇ ಜಾಗ ನೋಡಿಕೊಳ್ಳಿ

ಸುತ್ತಿನ ಕೊನೆಗೆ, ತಮ್ಮ ಬಿಲ್ಲೆ ಇಲ್ಲದ ಊರಲ್ಲಿ ನಿಂತ ದಳಗಳು ಚಳಿ ಹಸಿವಿಗೆ ಕರಗುತ್ತವೆ. ಗುಂಪು ದೊಡ್ಡದಾದಷ್ಟೂ ನಷ್ಟ ಹೆಚ್ಚು. ಹತ್ತು ದಳದ ಹ್ಯಾನಿಬಾಲ್ ಶತ್ರು ನೆಲದಲ್ಲಿ ಸುತ್ತು ಮುಗಿಸಿದರೆ, ರೋಮ್ ಕೈಯೆತ್ತದೆಯೇ ಒಂದು ಸಣ್ಣ ಯುದ್ಧ ಗೆದ್ದ ಹಾಗೆ. ರೋಮಿನ ಫೇಬಿಯಸ್ ಕಂಡುಕೊಂಡದ್ದು ಇದನ್ನೇ. ಕ್ರಿ.ಪೂ. 217ರಲ್ಲಿ, ಟ್ರಾಸಿಮೀನ್ ಸರೋವರದ ಸೋಲಿನ ನಂತರ ಸರ್ವಾಧಿಕಾರಿಯಾದ ಅವನು ಕಾದಾಡದೆ ಬೆನ್ನು ಹತ್ತಿಕೊಂಡೇ ತಿರುಗಿದ. ರೋಮಿನ ಜನ ಅವನನ್ನು ಹೇಡಿ ಎಂದರು.

ನನ್ನ ಕ್ರಮ ಹೀಗೆ: ಕೈಯಲ್ಲಿ ಎರಡು ಕಾರ್ಡ್ ಉಳಿದಾಗ ನಡಿಗೆ ನಿಲ್ಲಿಸಿ, ಸೇನೆ ನಿಂತ ಊರಿನ ಬಿಲ್ಲೆ ತಿರುಗಿಸುತ್ತೇನೆ. ಇಟಲಿಯಲ್ಲಿ ಹ್ಯಾನಿಬಾಲನಿಗೆ ಇಂಥ ಒಂದು ಮನೆ ಸಿಗಬೇಕು. ಕಾಪುವ ಊರು ಸಿಕ್ಕರೆ ಬೇರೇನೂ ಬೇಡ.

5. ಬಿಲ್ಲೆಗೂ ಬೇರು ಬೇಕು

ಸ್ವಂತ ದಳಕ್ಕೋ ಕೋಟೆ ಊರಿಗೋ ಬಂದರಿಗೋ ಬುಡಕಟ್ಟಿಗೋ ಸರಪಳಿಯಂತೆ ಕೂಡಿಕೊಳ್ಳದ ಬಿಲ್ಲೆಗಳು ಸುತ್ತಿನ ಕೊನೆಗೆ ಉದುರಿಹೋಗುತ್ತವೆ. ಹಾಗಾಗಿ ಎದುರಾಳಿಯ ಐದು ಊರು ತೆಗೆಯಲು ಐದು ಊರಿಗೂ ಹೋಗಬೇಕಿಲ್ಲ. ಸರಪಳಿಯ ಕೊಂಡಿ ಎಲ್ಲಿದೆ ನೋಡಿ, ಅಲ್ಲೊಂದು ಊರು ತಿರುಗಿಸಿ. ಈ ಆಟದಲ್ಲಿ ನನಗೆ ಅತ್ಯಂತ ಸುಖ ಕೊಡುವ ನಡೆ ಇದು. ಎದುರು ಕೂತವರು ಚಹಾ ಲೋಟ ಕೆಳಗಿಡುತ್ತಾರೆ.

6. ನಡೆಯುವಾಗ ಪಕ್ಕದ ಊರು ನೋಡಿ

ನೀವು ಸಾಗುವ ದಾರಿಯ ಪಕ್ಕದಲ್ಲಿ ಶತ್ರು ಸೇನಾನಿ ಇದ್ದರೆ, ದಾಳ ಅವನಿಗೆ ಒಲಿದರೆ, ನಿಮ್ಮನ್ನು ಅಡ್ಡಗಟ್ಟುತ್ತಾನೆ. ದಾಳ ಅವನ ಕದನದ ಅಂಕಿಗೆ ಸಮ ಅಥವಾ ಕಡಿಮೆ ಬರಬೇಕು. ಹ್ಯಾನಿಬಾಲನ ಅಂಕಿ ನಾಲ್ಕು, ಅಂದರೆ ಆರರಲ್ಲಿ ನಾಲ್ಕು ಬಾರಿ ತಗಲಿಕೊಳ್ಳುತ್ತೀರಿ. ಕದನ ತಪ್ಪಿಸಿಕೊಳ್ಳುವುದಕ್ಕೂ ಅದೇ ಲೆಕ್ಕ. ಆದ್ದರಿಂದ ಹ್ಯಾನಿಬಾಲನ ಪಕ್ಕದ ಊರಿಂದ ರೋಮನ್ ಸೇನೆ ಹಾದುಹೋಗುವುದೂ ಒಂದು ಜೂಜು, ಅವನನ್ನು ಹಿಡಿದು ಕಾದಾಡಿಸುವುದೂ ಒಂದು ಜೂಜು.

ಅಡ್ಡಗಟ್ಟಲಾಗದಷ್ಟು ದೂರದಲ್ಲಿ, ಅವನು ಇಲ್ಲದ ಕಡೆ, ಕೆಲಸ ಮಾಡಿ. ಕ್ರಿ.ಪೂ. 207ರಲ್ಲಿ ಹ್ಯಾನಿಬಾಲನ ತಮ್ಮ ಹಸ್ದ್ರುಬಾಲ್ ಎರಡನೇ ಸೇನೆಯೊಂದಿಗೆ ಆಲ್ಪ್ಸ್ ಇಳಿದು ಅಣ್ಣನಿಗೆ ಬರೆದ ಪತ್ರ ರೋಮನ್ನರ ಕೈಗೆ ಸಿಕ್ಕಿತು. ಹ್ಯಾನಿಬಾಲನ ಎದುರು ಬೀಡುಬಿಟ್ಟಿದ್ದ ಕಾನ್ಸಲ್ ನೀರೊ ಪಾಳೆಯವನ್ನು ಹಾಗೇ ಬಿಟ್ಟು, ಆಯ್ದ 6,000 ಕಾಲಾಳು ಮತ್ತು 1,000 ಸವಾರರೊಂದಿಗೆ ಉತ್ತರಕ್ಕೆ ಧಾವಿಸಿದ. ಮೆಟಾರಸ್ ನದಿಯ ಬಳಿ ಹಸ್ದ್ರುಬಾಲ್ ಸತ್ತ. ನೀರೊ ಹಿಂದಿರುಗುವವರೆಗೂ ಹ್ಯಾನಿಬಾಲನಿಗೆ ಏನೂ ಗೊತ್ತಾಗಲಿಲ್ಲ. ರೋಮ್ ಕಡೆಯವರು ಕಲಿಯಬೇಕಾದ ನಡಿಗೆ ಇದು. ದೊಡ್ಡವನ ಎದುರು ಒಬ್ಬನನ್ನು ಸುಮ್ಮನೆ ನಿಲ್ಲಿಸಿ, ಇನ್ನೊಬ್ಬನಿಂದ ಸಣ್ಣವನನ್ನು ಮುಗಿಸಿ. ಹ್ಯಾನಿಬಾಲನ ಬಲ ಹ್ಯಾನಿಬಾಲನ ಜೊತೆಗೇ ಇರುತ್ತದೆ, ಕಾರ್ತೇಜಿನ ಉಳಿದ ಸೇನಾನಿಗಳ ಬಳಿ ಇಲ್ಲ.

7. ಕದನದ ಕಾರ್ಡುಗಳು

ಕದನಕ್ಕೆ ಬೇರೆಯೇ 48 ಕಾರ್ಡಿನ ಕಟ್ಟು: ಎದುರುದಾಳಿ, ಎಡಮಗ್ಗುಲು, ಬಲಮಗ್ಗುಲು, ಕೆಣಕು, ಎರಡೂ ಕಡೆಯಿಂದ ಸುತ್ತುವರಿ, ಮೀಸಲು. ನುಗ್ಗುವವನು ಹಾಕಿದ್ದಕ್ಕೆ ಇನ್ನೊಬ್ಬ ಅದೇ ಜಾತಿಯ ಕಾರ್ಡ್ ಹಾಕಬೇಕು, ಇಲ್ಲದಿದ್ದರೆ ಸೋತ. ಕೈಯಲ್ಲಿ ಯಾವುದು ಹೆಚ್ಚಿದೆಯೋ ಅದನ್ನೇ ಹಾಕುತ್ತ ಹೋಗಿ. ಮೀಸಲು ಕಾರ್ಡ್ ಯಾವುದರ ಬದಲಿಗೂ ನಡೆಯುತ್ತದೆ, ಅದನ್ನು ಕೊನೆಯವರೆಗೆ ಬಿಡಬೇಡಿ. ಸೋತವನು ಕಳೆದುಕೊಂಡ ದಳಗಳ ಅರ್ಧದಷ್ಟು ಬಿಲ್ಲೆಗಳನ್ನೂ ಹಲಗೆಯಿಂದ ತೆಗೆಯಬೇಕು. ನನ್ನ ಮಟ್ಟಿಗೆ ಕದನದಿಂದ ಆಗುವ ನಿಜವಾದ ಲಾಭ ಇಷ್ಟೇ.

8. ಸಮುದ್ರ ರೋಮಿನದು

ಕ್ರಿ.ಪೂ. 241ರಲ್ಲಿ ಮುಗಿದ ಮೊದಲ ಪ್ಯೂನಿಕ್ ಯುದ್ಧದಲ್ಲೇ ಕಾರ್ತೇಜ್ ಸಮುದ್ರ ಕಳೆದುಕೊಂಡಿತ್ತು. ಹಾಗಾಗಿ ಅವರ ಪಡೆ ಹಡಗೇರಿದರೆ ದಾಳ ಉರುಳಿಸಿ ದೇವರನ್ನು ನೆನೆಯಬೇಕು. ರೋಮಿಗೆ ಆ ತಲೆನೋವಿಲ್ಲ. ರೋಮ್ ಆಡುವವರು ಇದನ್ನು ಮರೆತು ಇಟಲಿಯಲ್ಲೇ ಹ್ಯಾನಿಬಾಲನ ಹಿಂದೆ ಸುತ್ತುತ್ತಾರೆ. ಸ್ಪೇನಿಗೆ ಬೇಗ ಕಳಿಸಿ. ಆಫ್ರಿಕಾಕ್ಕೆ ಮಾತ್ರ ಅವಸರ ಬೇಡ. ಸ್ಕಿಪಿಯೊ ಅಲ್ಲಿ ಇಳಿದದ್ದು ಕ್ರಿ.ಪೂ. 204ರಲ್ಲಿ, ಸ್ಪೇನನ್ನು ಪೂರ್ತಿ ಕೈಗೆ ತೆಗೆದುಕೊಂಡ ಮೇಲೆ. ಅವನು ಅಲ್ಲಿ ಇಳಿದದ್ದರಿಂದಲೇ ಹ್ಯಾನಿಬಾಲ್ ಇಟಲಿ ಬಿಟ್ಟು ಹೊರಡಬೇಕಾಯಿತು.

9. ಒಂಬತ್ತನೇ ಸುತ್ತು

ಕೊನೆಗೆ ಪ್ರಾಂತ್ಯಗಳು ಸಮನಾದರೆ ಗೆಲುವು ಕಾರ್ತೇಜಿನದು. ಎಂಟನೇ ಸುತ್ತಿನಿಂದಲೇ ಎರಡೂ ಕಡೆಯವರು ಪ್ರತಿ ಪ್ರಾಂತ್ಯದಲ್ಲೂ ಎಷ್ಟು ಊರು ಬೇಕು, ಎಷ್ಟಿವೆ ಎಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಒಂದೇ ಊರಿನ ಅಂತರದಲ್ಲಿ ನಿಂತ ಪ್ರಾಂತ್ಯಗಳೇ ಆಟ ತೀರ್ಮಾನಿಸುತ್ತವೆ. ದೂರದ ಸಾರ್ಡಿನಿಯಾದಲ್ಲಿ ಖಾಲಿ ಬಿದ್ದ ಊರೊಂದು ಆಗ ಕ್ಯಾನೆಗಿಂತ ದೊಡ್ಡದು. ಮೂರರ ಕಾರ್ಡೊಂದನ್ನು ಕೊನೆಯವರೆಗೆ ಕೈಯಲ್ಲಿಟ್ಟುಕೊಳ್ಳಿ, ಮೂರು ಬಿಲ್ಲೆ ಒಟ್ಟಿಗೆ ಬೀಳುತ್ತವೆ. ಸುತ್ತನ್ನು ಯಾರು ಶುರು ಮಾಡಬೇಕೆಂದು ಹೇಳುವ ಹಕ್ಕು ಕಾರ್ತೇಜಿನದು. ಕಾರ್ತೇಜ್ ನಿಮ್ಮದಾದರೆ "ನೀವೇ ಮೊದಲು ಹಾಕಿ" ಎಂದು ಮರ್ಯಾದೆಯಿಂದ ಹೇಳಿ. ಕೊನೆಯ ಕಾರ್ಡ್ ನಿಮ್ಮದಾಗುತ್ತದೆ, ಅದಕ್ಕೆ ಉತ್ತರ ಕೊಡಲು ರೋಮಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.